ಕಾರ್ತಿಕದ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆಯೊಂದರ ನೆಪದಲ್ಲಿ

ಶುಕ್ರವಾರ

ನನ್ನ ಅಣ್ಣ ಮತ್ತು ಅತ್ತಿಗೆ ಉದ್ಯೋಗ ನಿಮಿತ್ತ ಮಸ್ಕತ್‌ನಲ್ಲಿದ್ದಾರೆ. ಅವರ ಮಗಳು ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶದ ಹಳೆಯ ಹೆಣ್ಣುಮಕ್ಕಳ ಶಾಲೆಯೊಂದರ ವಸತಿ ನಿಲಯದಲ್ಲಿದ್ದುಕೊಂಡು ಎಂಟನೆಯ ತರಗತಿ ಓದುತ್ತಿದ್ದಾಳೆ. ಕ್ರಿಸ್‌ಮಸ್ ರಜೆಗೆ ಮೊದಲು ಆ ಶಾಲೆಯವರು ಧರ್ಮಕಾರ್ಯಕ್ಕೆ ಹಣ ಕೂಡಿಸಲು ಮೇಳವೊಂದನ್ನು ನಡೆಸುತ್ತಾರೆ. ಆ ದಿನ ಮನೆಯವರು ಯಾರಾದರೂ ಬರಲಿ ಎಂಬುದು ಪ್ರತಿಯೊಬ್ಬ ಹುಡುಗಿಯ ಆಸೆ. ಈ ಸಲ ಆ ಕರೆ ನನ್ನ ಪಾಲಿಗೆ ಬಂತು. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯೂ (ಜಾತ್ರೆಯೂ) ಅದಕ್ಕೆ ಹೊಂದಿಕೊಂಡೇ ಬಂದಿದ್ದರಿಂದ ಎರಡನ್ನೂ ನೋಡಿ ಬರೋಣವೆಂದು ಶಿವಮೊಗ್ಗದಲ್ಲಿ ರೈಲು ಹತ್ತಿದೆ.

ತಿಪಟೂರಿನ ತೆಂಗಿನ ತೋಟಗಳು ಹಿಂದಾಗಿ ಗುಬ್ಬಿ ಬಂದಾಗ ಎದುರಿನ ಸೀಟಿನ ಹಿರಿಯರೊಬ್ಬರು ಕಿಟಕಿಯತ್ತ ಕೈ ತೋರಿಸಿ, “ಇದು ತೋಟದಪ್ಪನವರ ಊರು, ಅವರ ಹಾಸ್ಟೆಲ್ಲಿನಲ್ಲಿ ಉಂಡು ಓದಿದವನು ನಾನು” ಎಂದರು. ಗುಬ್ಬಿಯಿಂದ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಬೆಳೆದ ತೋಟದಪ್ಪನವರು, ತಮಗೆ ಮಕ್ಕಳಿಲ್ಲದ್ದರಿಂದ ತಮ್ಮ ಆಸ್ತಿಯನ್ನೆಲ್ಲ ಧರ್ಮಕ್ಕೆ ಬಿಟ್ಟು, ರೈಲು ನಿಲ್ದಾಣದ ಎದುರಿನಲ್ಲಿ 1903ರಲ್ಲಿ ಛತ್ರ ಕಟ್ಟಿಸಿದರು. ಪ್ರಯಾಣಿಕರಿಗೆ ತಂಗುವ ಜಾಗವೂ ವಿದ್ಯಾರ್ಥಿಗಳಿಗೆ ಅನ್ನವೂ ಆ ಧರ್ಮದಿಂದ ನಡೆದವು. ಹಿರಿಯರು ಮುಂದುವರಿಸಿ, “ಮನೆಯಿಂದ ಅಪ್ಪ ಏನೂ ಕಳಿಸುವ ಹಾಗಿರಲಿಲ್ಲ. ಆದರೆ ಅಲ್ಲಿ ಊಟಕ್ಕೆ ಕೂತಾಗ ನಾನು ಬಡವ ಅಂತ ಒಂದು ದಿನವೂ ಅನ್ನಿಸಲಿಲ್ಲ. ಎಲ್ಲರದೂ ಒಂದೇ ಪಂಕ್ತಿ” ಎಂದರು. ಆ ಮಾತು ಮುಂದಿನ ದಿನಗಳಲ್ಲಿ ನಾನು ನೋಡಿದ್ದನ್ನೆಲ್ಲ ಅಳೆಯುವ ಅಳತೆಯಾಯಿತು.

ಮೆಜೆಸ್ಟಿಕ್‌ನಲ್ಲಿ ಇಳಿದಾಗ ತುಂತುರು ಮಳೆ. ನಮ್ಮ ಮೆಟ್ರೋದ ಹಸಿರು ಮಾರ್ಗದಲ್ಲಿ ಮೂರನೆಯ ನಿಲ್ದಾಣವೇ ನ್ಯಾಷನಲ್ ಕಾಲೇಜು. ಪರಿಷೆಯ ದಿನಗಳಲ್ಲಿ ಬಸವನಗುಡಿಯ ಕೆಲವು ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲವಾದ್ದರಿಂದ ಮೆಟ್ರೋ ಹಿಡಿದು ಉಳಿದದ್ದನ್ನು ನಡೆಯುವುದೇ ಜಾಣತನ. ಗಾಂಧಿಬಜಾರಿನ ಹತ್ತಿರ ಚಿಕ್ಕಮ್ಮನ ಮನೆ. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ವಾರದ ರಜೆಯಾದ್ದರಿಂದ ದೋಸೆಯ ಆಸೆ ಮುಂದಕ್ಕೆ ಹೋಯಿತು. ಅದರ ಬದಲು ಚಿಕ್ಕಮ್ಮ ವರ್ಷದ ಮೊದಲ ಅವರೆಕಾಯಿ ತಂದು, ನೆನೆಸಿ, ಸಿಪ್ಪೆ ಹಿದುಕಿ ಸಾರು ಮಾಡಿದ್ದರು. ಹಿದುಕಿದ ಬೇಳೆಯ ಸಾರಿಗೆ ಬಿಸಿ ಮುದ್ದೆ, ಮೇಲೊಂದು ಚಮಚ ತುಪ್ಪ. ಹೊರಗೆ ಜಿನುಗುವ ಮಳೆಯಲ್ಲಿ ಅದಕ್ಕಿಂತ ಹಿತವಾದ ಊಟ ಬೇರೊಂದಿಲ್ಲ.

ಊಟದ ಮೇಲೆ ಮಾತು ವಾರಾನ್ನದ ಕಡೆ ತಿರುಗಿತು. ಚಿಕ್ಕಮ್ಮನ ಅತ್ತೆಯವರ ಕಾಲದಲ್ಲಿ ಮಾಲೂರಿನ ಕಡೆಯ ಹುಡುಗನೊಬ್ಬ ಮಂಗಳವಾರ ಮಂಗಳವಾರ ಇದೇ ಮನೆಗೆ ಊಟಕ್ಕೆ ಬರುತ್ತಿದ್ದನಂತೆ. ಬುಧವಾರ ಪಕ್ಕದ ಬೀದಿ, ಗುರುವಾರ ಶಂಕರಪುರ. ವಾರಕ್ಕೆ ಏಳು ಮನೆ ಹಿಡಿದು ಓದಿ ದೊಡ್ಡ ಹುದ್ದೆಗೇರಿದವರ ಕಥೆಗಳು ಈ ಭಾಗದಲ್ಲಿ ಮನೆ ಮನೆಯಲ್ಲೂ ಇವೆ. ಹುಡುಗಿಯರು ಯಾರಾದರೂ ವಾರಾನ್ನಕ್ಕೆ ಬರುತ್ತಿದ್ದರೇ ಎಂದು ಕೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲಮ್ಮ. ಕತ್ತಲಾದ ಮೇಲೆ ಹೆಣ್ಣುಮಗು ಯಾರದೋ ಮನೆಗೆ ಊಟಕ್ಕೆ ಹೋಗಿ ಬರೋದು ಹೇಗೆ? ಯಾರು ಕಳಿಸ್ತಾರೆ?” ಎಂದರು. ಅನ್ನ ಹಾಕುವ ಮನೆಗಳು ಎಷ್ಟಿದ್ದರೂ ಅವು ಗಂಡುಮಕ್ಕಳಿಗೆ ಮಾತ್ರ ದಕ್ಕಿದವು. ಹೆಣ್ಣುಮಗು ಊರು ಬಿಟ್ಟು ಬಂದು ಓದಬೇಕಾದರೆ ಅನ್ನದ ಜೊತೆಗೆ ಸೂರನ್ನೂ, ಸೂರಿನ ಜೊತೆಗೆ ಕಾಯುವವರನ್ನೂ ಯಾರಾದರೂ ಕೊಡಬೇಕಾಗಿತ್ತು. ಹೆಣ್ಣುಮಕ್ಕಳ ವಸತಿ ಶಾಲೆಯ ದಾನ ಗಂಡುಮಕ್ಕಳಿಗೆ ಸಿಕ್ಕ ದಾನಕ್ಕಿಂತ ಭಾರವಾದದ್ದು ಎಂದು ನನಗೆ ಅನ್ನಿಸಿದ್ದು ಆ ರಾತ್ರಿ.

ಶನಿವಾರ

ದಂಡು ಪ್ರದೇಶದ ಹಳೆಯ ಶಾಲೆಗಳಲ್ಲಿ ಹಲವಕ್ಕೆ ಒಂದೇ ಹೆಸರಿನ ಗಂಡುಮಕ್ಕಳ ಶಾಲೆ ಬೇರೆ, ಹೆಣ್ಣುಮಕ್ಕಳ ಶಾಲೆ ಬೇರೆ. ಆಟೋ ಚಾಲಕರು ನನ್ನನ್ನು ಹುಡುಗರ ಶಾಲೆಯ ಗೇಟಿನಲ್ಲಿ ಇಳಿಸಿ ಹೋದರು. ಅಲ್ಲಿನ ಕಾವಲುಗಾರರು, “ಅಮ್ಮಾ, ಇದು ಹುಡುಗರದ್ದು. ಹೀಗೇ ಗೋಡೆ ಹಿಡಿದು ಹೋಗಿ, ಹೂ ಬಿದ್ದಿರೋ ರಸ್ತೆಗೆ ತಿರುಗಿ” ಎಂದು ದಾರಿ ಹೇಳಿದರು. ಹೋಗುವವರು ‘ಗರ್ಲ್ಸ್’ ಎಂದು ಒತ್ತಿ ಹೇಳುವುದು ಒಳ್ಳೆಯದು. ಹೇಳಿದಂತೆಯೇ ಆ ರಸ್ತೆಯ ತುಂಬ ಆಕಾಶಮಲ್ಲಿಗೆ ಉದುರಿತ್ತು. ರಾತ್ರಿಯ ಮಳೆಗೆ ನೆನೆದ ಉದ್ದ ತೊಟ್ಟಿನ ಬಿಳಿ ಹೂಗಳ ಪರಿಮಳ ವಾಹನಗಳ ಹೊಗೆಯ ನಡುವೆಯೂ ತಿಳಿಯುತ್ತಿತ್ತು.

ಈ ಭಾಗದ ಶಾಲೆಗಳ ಹುಟ್ಟಿನಲ್ಲೆಲ್ಲ ಯಾರದೋ ಕೊಡುಗೆಯಿದೆ. ಗುಡ್ ಶೆಫರ್ಡ್ ಸನ್ಯಾಸಿನಿಯರು 1854ರಲ್ಲಿ ಬೆಂಗಳೂರಿಗೆ ಬಂದು ಮ್ಯೂಸಿಯಂ ರಸ್ತೆಯಲ್ಲಿ ನೆಲೆಸಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. 1865ರಲ್ಲಿ ರೆವರೆಂಡ್ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ ಆರಂಭಿಸಿದ ಶಾಲೆಯಿಂದ ಇಂದಿನ ಬಿಷಪ್ ಕಾಟನ್ ಶಾಲೆಗಳು ಬೆಳೆದವು. ರಿಚ್ಮಂಡ್ ಟೌನಿನ ಬಾಲ್ಡ್‌ವಿನ್ ಶಾಲೆಗಳಿಗೆ 1880ರಲ್ಲಿ ಹಣ ಕೊಟ್ಟ ಜಾನ್ ಬಾಲ್ಡ್‌ವಿನ್ ಅಮೆರಿಕದ ಒಹಾಯೊ ರಾಜ್ಯದ ಬೆರಿಯಾ ಎಂಬ ಊರಿನವನು. ಅಲ್ಲಿನ ಮರಳುಗಲ್ಲಿನಿಂದ ಸಾಣೆಕಲ್ಲು ಮಾಡಿ ಮಾರಿ ಶ್ರೀಮಂತನಾದವನು. ಎಲ್ಲಿಯ ಸಾಣೆಕಲ್ಲು, ಎಲ್ಲಿಯ ಬೆಂಗಳೂರು! ಗುಬ್ಬಿಯ ವರ್ತಕರೊಬ್ಬರು, ಬೆರಿಯಾದ ಕಲ್ಲಿನ ವ್ಯಾಪಾರಿಯೊಬ್ಬ, ಇಬ್ಬರೂ ಈ ಊರಿನ ಮಕ್ಕಳ ಓದಿಗೆ ತಮ್ಮ ಗಳಿಕೆಯನ್ನು ಹಾಕಿದ್ದಾರೆಂಬುದು ಬೆಂಗಳೂರಿನವರು ನೆನೆಯಬೇಕಾದ ವಿಷಯ.

ಮೇಳ ಮೈದಾನದಲ್ಲಿತ್ತು. ರೋಸ್ ಕುಕ್ಕಿ, ಕಲ್‌ಕಲ್, ಪ್ಲಮ್ ಕೇಕು ಒಂದು ಕಡೆ; ಕೋಡುಬಳೆ, ಚಕ್ಕುಲಿ, ಒಬ್ಬಟ್ಟು ಇನ್ನೊಂದು ಕಡೆ. ಪ್ರತಿ ಹೌಸಿಗೂ, ಅಂದರೆ ಶಾಲೆಯ ಮಕ್ಕಳ ಪ್ರತಿ ತಂಡಕ್ಕೂ, ಒಂದು ಸಾಲು ಅಂಗಡಿ. ಇಲ್ಲಿ ಒಂದು ಹಳೆಯ ಕಟ್ಟಳೆಯಿದೆ, ಮಕ್ಕಳು ಅದನ್ನು ಬಹಳ ಗಂಭೀರವಾಗಿ ಪಾಲಿಸುತ್ತಾರೆ: ಅಂಗಡಿಗೆ ಹಾಕುವ ಬಂಡವಾಳ ತಂದೆತಾಯಿಯರಿಂದ ಬರುವಂತಿಲ್ಲ. ಕೈಯಾರೆ ಮಾಡಿದ್ದು, ಇಲ್ಲವೆ ತಾವು ಬಿಟ್ಟುಕೊಟ್ಟದ್ದು, ಇವೆರಡೇ ನಡೆಯುವುದು. ಆಗಸ್ಟಿನಿಂದ ಪ್ರತಿ ಬುಧವಾರ ರಾತ್ರಿ ವಸತಿ ನಿಲಯದ ಹುಡುಗಿಯರು ಸಿಹಿ ಬಿಡುತ್ತಾರೆ. ಅಡುಗೆಮನೆಯಲ್ಲಿ ಉಳಿದ ಸಕ್ಕರೆ, ಹಿಟ್ಟು, ತುಪ್ಪದ ಲೆಕ್ಕವನ್ನು ಹತ್ತನೆಯ ತರಗತಿಯ ಇಬ್ಬರು ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಸಾಮಾನಿನಿಂದಲೇ ಮೇಳದ ತಿಂಡಿ. ನನ್ನ ಸೋದರ ಸೊಸೆ, ಅಣ್ಣನ ಮಗಳು, ಲೆಕ್ಕದ ಪುಸ್ತಕ ತಂದು ತೋರಿಸಿ, “ನೋಡಿ ಅತ್ತೆ, ಸೆಪ್ಟೆಂಬರಿನಲ್ಲಿ ಒಂದು ಬುಧವಾರ ನಮ್ಮ ಹೌಸಿನವರು ಪಾಯಸ ತಿಂದುಬಿಟ್ಟಿದ್ದಾರೆ, ಅದಕ್ಕೆ ಕೆಂಪು ಇಂಕಿನಲ್ಲಿ ಬರೆದಿದ್ದಾರೆ” ಎಂದಳು. ಕಾರ್ತಿಕ ಸೋಮವಾರ ಒಪ್ಪತ್ತು ಮಾಡಿ ಆ ಅಕ್ಕಿಯನ್ನು ಗುಡಿಗೆ ಅಳೆದುಕೊಡುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಪುಸ್ತಕವನ್ನು ತೋರಿಸಿದ್ದರೆ ಯಾರೂ ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ನಾನು ಹೆಚ್ಚು ಹೊತ್ತು ನಿಂತದ್ದು ತಿಂಡಿಯ ಅಂಗಡಿಗಳಲ್ಲಲ್ಲ, ವರಾಂಡದ ತುದಿಯ ಒಂದು ಉದ್ದನೆಯ ಮೇಜಿನ ಹತ್ತಿರ. ಅದರ ಮೇಲೆ ಹಳೆಯ ಸಮವಸ್ತ್ರಗಳು: ಗಿಡ್ಡವಾದ ಲಂಗ, ಭುಜ ಬಿಗಿಯಾದ ಬಿಳಿ ಅಂಗಿ, ಸ್ವೆಟರು, ಟೈ. ವಸತಿ ನಿಲಯದಲ್ಲಿ ಅಗಸರಿಗೆ ಗುರುತು ಸಿಗಲೆಂದು ಪ್ರತಿಯೊಬ್ಬಳ ಬಟ್ಟೆಗೂ ಒಂದು ನಂಬರನ್ನು ಕೆಂಪು ದಾರದಲ್ಲಿ ಹೊಲಿದಿರುತ್ತಾರೆ. ಶಾಲೆ ಬಿಡುವವರೆಗೂ ಆ ಹುಡುಗಿಗೆ ಅದೇ ನಂಬರು. ಮೇಜಿನ ಹಿಂದೆ ನಾಲ್ಕು ಹುಡುಗಿಯರು ಕುಳಿತು ಆ ದಾರವನ್ನು ಬಿಚ್ಚುತ್ತಿದ್ದರು. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆಯನ್ನು ಎತ್ತಿ, ಬ್ಲೇಡಿನಿಂದ ಮೆಲ್ಲಗೆ ಕೊಯ್ದು, ಬಟ್ಟೆ ಹರಿಯದಂತೆ ಎಳೆದು ತೆಗೆಯಬೇಕು. ಬಿಚ್ಚಿದ ಜಾಗದಲ್ಲಿ ಸಣ್ಣ ತೂತುಗಳು ಸಾಲಾಗಿ ಉಳಿಯುತ್ತವೆ. ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಉಗುರಿನಿಂದ ಉಜ್ಜಿ, ಇಸ್ತ್ರಿ ಹಾಕಿದರೆ ಅವೂ ಮುಚ್ಚಿಕೊಳ್ಳುತ್ತವೆ. ಇಷ್ಟು ಪಾಡು ಏಕೆಂದು ಕೇಳಿದೆ. ಅವರಲ್ಲಿ ದೊಡ್ಡವಳು ತಲೆಯೆತ್ತದೆ, “ಯಾರ ಬಟ್ಟೆ ಯಾರು ಹಾಕ್ಕೊಂಡಿದಾರೆ ಅಂತ ಗೊತ್ತಾಗಬಾರದು ಆಂಟಿ” ಎಂದಳು.

ಮೇಜಿನಿಂದ ಬಟ್ಟೆ ಒಯ್ಯುವವರು ಬಡ ಮಕ್ಕಳು ಮಾತ್ರವಲ್ಲ. ಪ್ರತಿ ಹುಡುಗಿಯೂ ವರ್ಷಕ್ಕೆ ಒಂದಾದರೂ ಬಟ್ಟೆಯನ್ನು ಈ ಮೇಜಿನಿಂದಲೇ ತೆಗೆದುಕೊಳ್ಳಬೇಕು ಎಂಬುದು ಇಲ್ಲಿಯ ವಾಡಿಕೆ. ನನ್ನ ಸೊಸೆಯ ಸ್ವೆಟರೂ ಇಲ್ಲಿಯದೇ. ಎಲ್ಲರೂ ತೆಗೆದುಕೊಳ್ಳುವುದರಿಂದ ಅಗತ್ಯವಿದ್ದವಳು ಯಾರೆಂದು ಯಾರಿಗೂ ತಿಳಿಯುವುದಿಲ್ಲ. ಶುಲ್ಕ ಕಟ್ಟಲಾಗದ ಮಕ್ಕಳ ಪಟ್ಟಿಯೂ ಹಾಗೆಯೇ, ಪ್ರಾಂಶುಪಾಲರ ಕೋಣೆಯ ಹೊರಗೆ ಬರುವುದಿಲ್ಲ. ಸಮವಸ್ತ್ರ ಕೊಡಬಯಸುವವರು ಗುಂಡಿ, ಹುಕ್ಕು ಸರಿಮಾಡಿ, ಒಗೆದು ತಂದರೆ ಮಕ್ಕಳ ಕೆಲಸ ಹಗುರಾಗುತ್ತದೆ ಎಂದು ವಾರ್ಡನ್ ಹೇಳಿದರು. ಮದ್ದೂರಿನ ಕಡೆಯವರಾದ ಅವರು ಬಹಳ ವರ್ಷಗಳಿಂದ ಇಲ್ಲಿದ್ದಾರೆ.

ನಾನು ಅವರೊಡನೆ ಒಂದು ಸಂಶಯವನ್ನು ಹೇಳಿಕೊಂಡೆ: ಇಷ್ಟು ಶುಲ್ಕ ಕಟ್ಟಿ ಓದುವ ಮಕ್ಕಳಿಗೆ ದಾನ ಆಟವಾಗಿಬಿಡುವುದಿಲ್ಲವೇ? ಅವರು ಬೇಸರಿಸದೆ, “ಆಗುತ್ತೆ ಮೇಡಂ, ಎಚ್ಚರ ತಪ್ಪಿದರೆ ಖಂಡಿತ ಆಗುತ್ತೆ. ಹಿಂದೆ ಮಕ್ಕಳನ್ನ ಕೊಳೆಗೇರಿಗೆ ಕರಕೊಂಡು ಹೋಗಿ ಬ್ರೆಡ್ಡು ಹಂಚಿಸಿ ಫೋಟೊ ತೆಗೀತಿದ್ರು. ಬ್ರೆಡ್ಡು ಇಸ್ಕೊಂಡ ಮಗೂನೂ ಇವರ ವಯಸ್ಸಿನದೇ. ಅದರ ಮುಖ ನೋಡಿದ ಮೇಲೆ ಅದನ್ನ ನಿಲ್ಲಿಸಿದ್ವಿ” ಎಂದರು. ಫೋಟೊ ಇಲ್ಲದ ದಾನ ಈಗ ಎಷ್ಟು ಅಪರೂಪವೆಂಬುದನ್ನು ಬಲ್ಲವರಿಗೆ ಈ ಮಾತಿನ ಬೆಲೆ ತಿಳಿದೀತು.

ಮೂರು ಗಂಟೆಯ ಹೊತ್ತಿಗೆ ಮಳೆ ಸುರಿಯಿತು. ಪೆಂಡಾಲಿನ ಒಂದು ಮೂಲೆ ನೀರು ತುಂಬಿ ಜೋತು, ಒಬ್ಬಟ್ಟಿನ ಅಂಗಡಿಯ ಮೇಲೆ ಸುರಿದುಬಿಟ್ಟಿತು. ದೊಡ್ಡ ಹುಡುಗಿಯರು ಮೇಜುಗಳನ್ನು ಎತ್ತಿ ವರಾಂಡಕ್ಕೆ ಸಾಗಿಸಿದರು, ಚಿಕ್ಕವರು ಡಬ್ಬಗಳನ್ನು ಕೈಯಿಂದ ಕೈಗೆ ದಾಟಿಸಿದರು. ಇಲ್ಲಿ ಐದನೆಯ ತರಗತಿಗೆ ಹೊಸದಾಗಿ ಬಂದ ಪ್ರತಿ ಮಗುವಿಗೂ ಒಂಬತ್ತನೆಯ ತರಗತಿಯ ಒಬ್ಬಳನ್ನು ಅಕ್ಕನೆಂದು ಗೊತ್ತುಮಾಡಿರುತ್ತಾರೆ. ಜಡೆ ಹಾಕಿಕೊಡುವುದರಿಂದ ಹಿಡಿದು ರಾತ್ರಿ ಅಳುವಾಗ ಹತ್ತಿರ ಕೂರುವುದರವರೆಗೆ ಎಲ್ಲ ಅವಳದೇ ಹೊಣೆ. ಆ ಗಲಾಟೆಯಲ್ಲಿ ಯಾರೂ ಹೇಳದೆಯೇ ಪ್ರತಿ ಅಕ್ಕನೂ ತನ್ನ ತಂಗಿಯನ್ನು ಹುಡುಕಿ ಒಳಗೆ ಕರೆತಂದದ್ದನ್ನು ನಾನು ಕಂಬಕ್ಕೊರಗಿ ನೋಡಿದೆ. ನೆನೆಯದೆ ಉಳಿದ ಒಬ್ಬಟ್ಟು ಅರ್ಧ ಗಂಟೆಯಲ್ಲಿ ಖರ್ಚಾಯಿತು.

ಭಾನುವಾರ

ಭಾನುವಾರ ಬೆಳಿಗ್ಗೆ ಮಕ್ಕಳ ಒಂದು ತಂಡ ಹೊಸೂರು ರಸ್ತೆಯಲ್ಲಿರುವ ವೃದ್ಧಾಶ್ರಮಕ್ಕೆ ಹೋಗುವುದಿತ್ತು. ಬಯಸಿದವರು ಜೊತೆಗೆ ಬರಬಹುದೆಂದಿದ್ದರಿಂದ ನಾನೂ ಹೊರಟೆ. ಇದನ್ನು ನಡೆಸುವವರು ‘ಲಿಟ್ಲ್ ಸಿಸ್ಟರ್ಸ್ ಆಫ್ ದ ಪೂರ್’ ಎಂಬ ಸನ್ಯಾಸಿನಿಯರು. ಫ್ರಾನ್ಸಿನ ಜಾನ್ ಜೂಗಾನ್ ಎಂಬಾಕೆ 1839ರಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳನ್ನು ತನ್ನ ಮನೆಗೆ ಕರೆತಂದು, ತನ್ನ ಹಾಸಿಗೆಯನ್ನೇ ಅವಳಿಗೆ ಬಿಟ್ಟುಕೊಟ್ಟದ್ದು ಈ ಸಂಸ್ಥೆಯ ಮೊದಲು. ಅಂದಿನಿಂದ ಇವರು ಭಿಕ್ಷೆ ಬೇಡಿಯೇ ವೃದ್ಧರನ್ನು ಸಾಕುತ್ತ ಬಂದಿದ್ದಾರೆ. ಜೋಳಿಗೆ ಹಿಡಿದು ಅನ್ನದಾನ ನಡೆಸುವ ಪರಂಪರೆ ನಮ್ಮ ಮಠಗಳಲ್ಲೂ ಇದೆಯಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನ, ವಿದ್ಯೆ ಕೊಟ್ಟದ್ದೂ ಊರೂರಿನ ರೈತರು ಅಳೆದ ಧಾನ್ಯದಿಂದಲೇ.

ಹುಡುಗಿಯರು ಭಾಷಣ ಮಾಡಲಿಲ್ಲ. ಎರಡು ಹಾಡು ಹೇಳಿ, ಆಮೇಲೆ ತಲಾ ಒಬ್ಬ ಅಜ್ಜಿಯ ಹತ್ತಿರ ಕುಳಿತರು. ನನ್ನ ಸೊಸೆಯ ಪಾಲಿಗೆ ಬಂದ ಅಜ್ಜಿಗೆ ಕೈ ನಡುಗುತ್ತಿತ್ತು. ಇವಳು ಬಟ್ಟಲಿನಲ್ಲಿ ಬೆಚ್ಚನೆಯ ನೀರು ತಂದು, ಅದರಲ್ಲಿ ಅಜ್ಜಿಯ ಬೆರಳುಗಳನ್ನು ಅದ್ದಿಸಿ, ಉಗುರು ಮೆದುವಾಗುವ ತನಕ ಕಾದು, ಆಮೇಲೆ ಆ ಬೆರಳನ್ನು ತನ್ನ ಎರಡು ಬೆರಳುಗಳ ನಡುವೆ ಅದುಮಿ ಹಿಡಿದು ಒಂದೊಂದಾಗಿ ಕತ್ತರಿಸಿದಳು. ಹೆಬ್ಬೆರಳಿನ ಉಗುರು ದಪ್ಪಗಾಗಿತ್ತು, ಅದನ್ನು ಅಂಚಿನಿಂದ ಚೂರು ಚೂರೇ ತೆಗೆದಳು. ಮನೆಯಲ್ಲಿ ತನ್ನ ಉಗುರನ್ನು ತಾನು ಕತ್ತರಿಸಿಕೊಳ್ಳಲು ಹತ್ತು ಸಲ ಹೇಳಿಸಿಕೊಳ್ಳುತ್ತಿದ್ದ ಹುಡುಗಿ ಇವಳು. ಅಜ್ಜಿ ತಮಿಳು ಬೆರೆತ ದಂಡಿನ ಕನ್ನಡದಲ್ಲಿ, ತಾನು ಮದುವೆಗೆ ಮೊದಲು ಹಲಸೂರಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದುದನ್ನು ಹೇಳುತ್ತ, ಇವಳ ಅಂಗಿಯ ಅಂಚನ್ನು ಮಡಿಸಿ ನೋಡಿ, “ಈ ಹೊಲಿಗೆ ಸರಿಯಿಲ್ಲ ಕಣ್ಣಮ್ಮ, ಮುಂದಿನ ವಾರ ಸೂಜಿ ದಾರ ತಗೊಂಡು ಬಾ, ಹೇಳಿಕೊಡ್ತೀನಿ” ಎಂದರು. ತರಲು ಒಪ್ಪಿದ ಸೊಸೆ ಅಲ್ಲಿಂದ ಹೊರಡುವಾಗ ಬಹಳ ಉತ್ಸಾಹದಲ್ಲಿದ್ದಳು.

ಹೊರಗೆ ಕರೆದೊಯ್ಯಲು ಸಂಜೆ ಐದರವರೆಗೆ ಅನುಮತಿಯಿತ್ತು. ಕಬ್ಬನ್ ಪಾರ್ಕಿನಲ್ಲಿ ಬಿಸಿ ಜೋಳ ತಿನ್ನುತ್ತ ನಡೆದೆವು. ಭಾನುವಾರ ಸಂಜೆ ಎಲ್ಲರೂ ಮನೆಗೆ ಕೈಬರಹದಲ್ಲಿ ಪತ್ರ ಬರೆಯಬೇಕೆಂಬ ಪದ್ಧತಿ ಇನ್ನೂ ಇದೆಯಂತೆ. “ಫೋನಿನಲ್ಲಿ ಅಳು ಬಂದರೆ ಅಮ್ಮನಿಗೆ ಗೊತ್ತಾಗಿಬಿಡುತ್ತೆ ಅತ್ತೆ, ಪತ್ರದಲ್ಲಿ ಗೊತ್ತಾಗಲ್ಲ” ಎಂದು ಸೊಸೆ ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ವಸತಿ ಶಾಲೆಯ ಒಗ್ಗಟ್ಟು, ಪದ್ಧತಿ, ಹಾಡು, ಶೀಲ್ಡು ಎಲ್ಲವೂ ನಿಜ. ಹದಿಮೂರು ವರ್ಷದ ಮಗು ಅಳುವನ್ನು ಬಚ್ಚಿಡಲು ಕಲಿಯುವುದೂ ನಿಜ. ಅದನ್ನು ಮರೆತು ಬರಿಯ ಹೊಗಳಿಕೆ ಬರೆಯುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಸೋಮವಾರ

ಬೆಳಿಗ್ಗೆ ಬೇಗ ಎದ್ದು ವಿದ್ಯಾರ್ಥಿ ಭವನದ ದೋಸೆ ತಿಂದು, ಬಸವನಗುಡಿಯ ಬೀದಿಗಳಲ್ಲಿ ಸುತ್ತಿದೆ. ಅಬಲಾಶ್ರಮದ ಮುಂದೆ ನಿಂತಾಗ ಶುಕ್ರವಾರ ರಾತ್ರಿ ಮೂಡಿದ ಯೋಚನೆಗೆ ಒಂದು ವಿಳಾಸ ಸಿಕ್ಕಂತಾಯಿತು. 1905ರಲ್ಲಿ ಚಕ್ರವರ್ತಿ ವೆಂಕಟವರದ ಅಯ್ಯಂಗಾರ್ ಮತ್ತು ಅವರ ಪತ್ನಿ ರುಕ್ಮಿಣಿಯಮ್ಮ ನಿರಾಶ್ರಿತ ಹೆಣ್ಣುಮಕ್ಕಳಿಗಾಗಿ ಇದನ್ನು ಆರಂಭಿಸಿದರು. ಎಳೆಯ ವಯಸ್ಸಿನಲ್ಲೇ ವಿಧವೆಯರಾದವರಿಗೆ ತವರೂ ಇಲ್ಲದ, ಅತ್ತೆ ಮನೆಯೂ ಇಲ್ಲದ ಕಾಲ ಅದು. ಅಲ್ಲಿಂದ ಹೆಚ್ಚು ದೂರವಿಲ್ಲದ ಮಹಿಳಾ ಸೇವಾ ಸಮಾಜ 1913ರದು. ವಾರಾನ್ನದ ಮನೆಗಳಿದ್ದ ಇದೇ ಬೀದಿಗಳ ಹೆಂಗಸರು, ಊಟದ ಎಲೆಯಷ್ಟೇ ಸಾಲದೆಂದು ಅರಿತು ಹೆಣ್ಣುಮಕ್ಕಳಿಗೆ ಓದನ್ನೂ ಕಸುಬನ್ನೂ ಕೊಡಲು ಮುಂದಾದರು. ದಂಡಿನ ಶಾಲೆಗಳ ಹೆಸರು ಎಲ್ಲರಿಗೂ ಗೊತ್ತು. ಪೇಟೆ, ಬಸವನಗುಡಿಗಳ ಈ ಸಂಸ್ಥೆಗಳನ್ನೂ ಅಷ್ಟೇ ಹೆಮ್ಮೆಯಿಂದ ಮಕ್ಕಳಿಗೆ ತೋರಿಸಬೇಕು.

ಪರಿಷೆಗೆ ಹೋಗುವವರು ಹತ್ತು ಗಂಟೆಯೊಳಗೆ ಹೋಗುವುದು ಮೇಲು; ಆಮೇಲೆ ಬುಲ್ ಟೆಂಪಲ್ ರಸ್ತೆಯಲ್ಲಿ ಹೆಜ್ಜೆ ಇಡುವುದೂ ಕಷ್ಟ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಬಸವನ ಕಥೆಯೂ, ಕೆಂಪೇಗೌಡರು ಕಟ್ಟಿಸಿದ ಗುಡಿಗೆ ರೈತರು ಮೊದಲ ಬೆಳೆಯನ್ನು ಒಪ್ಪಿಸುವ ಹರಕೆಯೂ ಎಲ್ಲರಿಗೂ ಗೊತ್ತಿರುವುದೇ. ಹಸಿ, ಹುರಿದ, ಬೇಯಿಸಿದ ಕಾಯಿಗಳ ರಾಶಿಗಳು ರಸ್ತೆಯ ಎರಡೂ ಬದಿಗೆ. ಮಾಗಡಿಯ ಕಡೆಯಿಂದ ಬಂದಿದ್ದ ಒಬ್ಬ ಹೆಂಗಸಿನ ರಾಶಿಯ ಮುಂದೆ ಕುಳಿತು, ಎರಡು ಸೇರು ಅಳೆಯಿರಿ ಎಂದೆ. ಯಾವೂರು, ಏಕೆ ಬಂದಿರಿ ಎಂದು ಆಕೆ ಕೇಳಿದರು. ಸೊಸೆಯ ಶಾಲೆಯ ವಿಷಯ ಹೇಳಿದೆ.

“ನನ್ನ ಮಗಳೂ ಹಾಸ್ಟೆಲ್ ಸ್ಕೂಲಲ್ಲೇ ಇರೋದು ಅಕ್ಕ. ರಾಣಿ ಚೆನ್ನಮ್ಮ ಸ್ಕೂಲು. ಆರನೇ ಕ್ಲಾಸಿಗೆ ಪರೀಕ್ಷೆ ಬರ್ದು ಸೀಟು ತಗಂಡ್ಳು” ಎಂದರು. ಸರ್ಕಾರದ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಆರರಿಂದ ಹತ್ತನೆಯ ತರಗತಿಯವರೆಗೆ ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲವೂ ಉಚಿತ. ಹೆಚ್ಚಿನವರಿಗೆ ಪ್ರವೇಶ ಪರೀಕ್ಷೆಯೇ ಬಾಗಿಲು. ಸೊಸೆಯ ಶಾಲೆಯ ಮೇಜು, ನಂಬರು ಬಿಚ್ಚುವುದು, ಬುಧವಾರದ ಸಿಹಿ, ಎಲ್ಲವನ್ನೂ ಆಕೆ ವಿವರವಾಗಿ ಕೇಳಿಕೊಂಡರು. ಕೇಳಿ, “ಒಳ್ಳೇದು ಮಾಡ್ತವೆ ಮಕ್ಳು. ನಾವೂ ಸುಗ್ಗೀಲಿ ಒಂದು ಚೀಲ ಕಾಯಿ ಮಗಳ ಹಾಸ್ಟೆಲ್ಲಿಗೆ ಹಾಕ್ತೀವಿ. ಅವಳೊಬ್ಳಿಗೆ ಅಂತ ಕೊಟ್ರೆ ಅವಳು ತಿನ್ನಲ್ಲ, ಅಷ್ಟೂ ಮಕ್ಕಳಿಗೂ ಬೇಯ್ಸಿ ಹಾಕಿ ಅಂತ ಅಡುಗೆಯವರ ಕೈಗೇ ಕೊಡೋದು. ಸರ್ಕಾರ ನನ್ನ ಮಗೂಗೆ ಹಾಕ್ತದೆ, ನಾನು ಇನ್ನೊಬ್ರ ಮಗೂಗೆ ಹಾಕ್ಬಾರ್ದಾ?” ಎಂದರು.

ಎರಡು ಸೇರು ಅಳೆದ ಮೇಲೆ ಕೊಸರೆಂದು ಎರಡು ಬೊಗಸೆ ಹಾಕಿ, ಆಮೇಲೆ ಬೇರೊಂದು ಚೀಲದಲ್ಲಿ ಮತ್ತೆ ಒಂದು ಸೇರು ತುಂಬಿ, ಅದು ಸೊಸೆಯ ಹಾಸ್ಟೆಲ್ಲಿನ ಮಕ್ಕಳಿಗೆ ಎಂದು ಕೊಟ್ಟರು. ಹಣ ಮುಂದೆ ಮಾಡಿದರೆ ತೆಗೆದುಕೊಳ್ಳಲಿಲ್ಲ. ರಾತ್ರಿಯ ರೈಲಿಗೆ ಸಮಯವಿದ್ದುದರಿಂದ ಮೆಟ್ರೋದಲ್ಲಿ ಎಂ.ಜಿ. ರಸ್ತೆಗೆ ಹೋಗಿ, ಶಾಲೆಯ ಗೇಟಿನಲ್ಲಿ ವಾರ್ಡನ್ ಅವರನ್ನು ಕರೆಸಿ ಆ ಚೀಲವನ್ನು ಅವರ ಕೈಗೆ ಕೊಟ್ಟೆ. ಅವರು ಕೊಟ್ಟವರ ಊರನ್ನೂ, ಮಗಳ ಶಾಲೆಯನ್ನೂ ಕೇಳಿ ತಿಳಿದುಕೊಂಡು, ಬುಧವಾರ ಬೇಯಿಸಿ ಹಂಚುವುದಾಗಿಯೂ, ಮಾಗಡಿಯ ಕಡೆಯ ಆ ಶಾಲೆಗೆ ಹತ್ತನೆಯ ತರಗತಿಯ ಪುಸ್ತಕಗಳನ್ನು ಈ ವರ್ಷವೇ ಕಳುಹಿಸಬಹುದೇ ಎಂದು ಮಕ್ಕಳೊಡನೆ ಕುಳಿತು ಮಾತಾಡುವುದಾಗಿಯೂ ಹೇಳಿದರು.